ಕಾಲಂ 3, ಕಾಲಂ 9

ಸಾಫ್ಟ್‌ವೇರ್ ಕೆಲಸ ತಡವಾಯಿತೆಂದರೆ ನಮ್ಮಲ್ಲಿ ತೀರ್ಪು ಮೊದಲೇ ತಯಾರಿರುತ್ತದೆ: ಹುಡುಗರು ಸರಿಯಾಗಿ ಕೆಲಸ ಮಾಡಲಿಲ್ಲ, ಇನ್ನಷ್ಟು ಜನ ಹಾಕಬೇಕಿತ್ತು. ಬೀದರಿನ ಚಿದ್ರಿಯಲ್ಲೂ ಇದೇ ಮಾತು, ಬೆಂಗಳೂರಿನಲ್ಲೂ ಇದೇ ಮಾತು. ನಾನಿದನ್ನು ಒಪ್ಪುವುದಿಲ್ಲ.

ತಡವಾದ ಯೋಜನೆಗೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆಂದು ಐಬಿಎಂನಲ್ಲಿ ದುಡಿದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದರು. ಅವರ ಕಣ್ಣಿದ್ದದ್ದು ಕೋಡ್ ಬರೆಯುವವರ ಮೇಲೆ. ನಮ್ಮ ತೊಡಕು ಕೋಡಿಗಿಂತ ಮುಂಚೆಯೇ ಹುಟ್ಟುತ್ತದೆ.

ಹೊಲ ಯಾರದು, ಎಷ್ಟು ಎಂದು ಹೇಳುವ ಪಹಣಿಯನ್ನೇ ನೋಡಿ. ಅದನ್ನು ಕಂಪ್ಯೂಟರಿಗೆ ಏರಿಸುವ ಪ್ರಯತ್ನ 1991ರಲ್ಲಿ ಬೀದರಿನ ಪಕ್ಕದ, ಆಗಿನ ಗುಲ್ಬರ್ಗ ಜಿಲ್ಲೆಯಲ್ಲಿ ಶುರುವಾಯಿತು. ಮುಂದೆ ಇದೇ ಕೆಲಸಕ್ಕೆ ಬಂದ ‘ಭೂಮಿ’ ಯೋಜನೆ ರಾಜ್ಯದ ತಾಲ್ಲೂಕುಗಳನ್ನೆಲ್ಲ ಮುಟ್ಟುವ ಹೊತ್ತಿಗೆ ಹೊಸ ಶತಮಾನ ಬಂದಿತ್ತು. ಅಷ್ಟು ವರ್ಷ ಕೋಡ್ ಬರೆಯುವುದಕ್ಕೇ ಹೋಯಿತೆಂದು ನಂಬಲಾರೆ. ಮೊದಲ ಪ್ರಯತ್ನದಲ್ಲಿ ತಾಲ್ಲೂಕು ಕಚೇರಿಯಲ್ಲಿ ಕಂಪ್ಯೂಟರೇ ಇರಲಿಲ್ಲ. ಇತ್ತ ಮಾಹಿತಿ ತುಂಬುವಷ್ಟರಲ್ಲಿ ಅತ್ತ ಹೊಲ ಮಾರಾಟವಾಗಿ, ವಾರಸು ಬದಲಾಗಿ, ಏರಿಸಿದ್ದೆಲ್ಲ ಹಳತಾಗುತ್ತಿತ್ತು. ಆಮೇಲೆ ಸುಮಾರು ಎರಡು ಕೋಟಿ ಕೈಬರಹದ ಪಹಣಿಗಳನ್ನು ಏರಿಸಿ, ಗ್ರಾಮ ಲೆಕ್ಕಿಗರಿಂದ ತಾಳೆ ನೋಡಿಸಬೇಕಾಯಿತು.

ಔರಾದ ಕಡೆಯ ಒಂದು ಹೊಲ ತಗೊಳ್ಳಿ. ಪಹಣಿಯ ಕಾಲಂ 3ರಲ್ಲಿ ಒಟ್ಟು ವಿಸ್ತೀರ್ಣ ಐದು ಎಕರೆ ಇಪ್ಪತ್ತು ಗುಂಟೆ. ಕಾಲಂ 9ರಲ್ಲಿ ಮೂವರು ಅಣ್ಣತಮ್ಮಂದಿರ ಪಾಲು ಕೂಡಿಸಿದರೆ ಐದು ಎಕರೆ ಮೂವತ್ತು. ಕಾಗದದ ಮೇಲೆ ಈ ಹತ್ತು ಗುಂಟೆ ತಲೆಮಾರುಗಟ್ಟಲೆ ತೆಪ್ಪಗೆ ಕೂತಿರಬಲ್ಲದು. ಬದು ಎಲ್ಲಿದೆಯೆಂದು ಊರಿಗೆ ಗೊತ್ತು, ಅಷ್ಟು ಸಾಕು. ಕಂಪ್ಯೂಟರಿಗೆ ಸಾಲದು. ಅದಕ್ಕೆ ಯಾರ ಪಾಲಿನಿಂದ ಹತ್ತು ಗುಂಟೆ ಕಳೆಯಬೇಕೆಂದು ಹೇಳಲೇಬೇಕು. ಆ ಉತ್ತರ ಪ್ರೋಗ್ರಾಮರ್ ಹತ್ತಿರ ಇಲ್ಲ. ಅದಕ್ಕೆ ಸರ್ವೆಯವರು ಬಂದು ಅಳೆಯಬೇಕು, ನೋಟೀಸು ಹೋಗಬೇಕು, ತಕರಾರು ಕೇಳಬೇಕು. ತೀರಿಹೋದ ತಂದೆಯ ಹೆಸರು ಇನ್ನೂ ಖಾತೆಯಲ್ಲಿದ್ದರೆ ಪೌತಿ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗಬೇಕು. ಬೀದರ ಜಿಲ್ಲೆಯಲ್ಲಿ ಇನ್ನೊಂದು ಕಷ್ಟ: 1956ರವರೆಗೆ ಇದು ಹೈದರಾಬಾದ್ ರಾಜ್ಯ, ಹಳೆಯ ಕಾಗದಗಳು ಉರ್ದುವಿನಲ್ಲಿ. ಅವನ್ನು ಓದಬಲ್ಲವರನ್ನು ಹುಡುಕುವುದೇ ಒಂದು ಕೆಲಸ.

ಇದನ್ನೆಲ್ಲ ‘ವಿಳಂಬ’ ಎಂದು ಬರೆದುಕೊಳ್ಳುವ ಲೆಕ್ಕವೇ ತಪ್ಪು. ನಿಜವಾದ ಕೆಲಸ ಇದೇ; ಪರದೆಯ ಮೇಲೆ ಖಾನೆ ಬಿಡಿಸುವುದು ಅದರ ಸಣ್ಣ ಪಾಲು. ಬ್ಯಾಂಕಿರಲಿ, ಆಸ್ಪತ್ರೆಯಿರಲಿ, ಜನ ಇಷ್ಟು ದಿನ ಬಾಯಿಮಾತಿನಲ್ಲಿ ಸುಧಾರಿಸಿಕೊಂಡದ್ದಕ್ಕೆ ಸಾಫ್ಟ್‌ವೇರ್ ಒಂದೇ ಉತ್ತರ ಕೇಳುತ್ತದೆ. ಕೆಟ್ಟ ಕೋಡಿನಿಂದಲೂ ಕೆಲಸ ಕೆಡುತ್ತದೆ, ನಿಜ. ಆದರೆ ಕೆಟ್ಟ ಕೋಡನ್ನು ತಿದ್ದಬಹುದು. ಅವಸರಕ್ಕೆ ಬಿದ್ದು ಆ ಹತ್ತು ಗುಂಟೆಯನ್ನು ಯಾರನ್ನೂ ಕೇಳದೆ ಕಿರಿಯವನ ಪಾಲಿನಿಂದ ಕಳೆದರೆ, ಅವನು ಔರಾದಿಗೆ ಬಸ್ಸು ಹತ್ತಿ ವರ್ಷಗಟ್ಟಲೆ ಕಚೇರಿ ಅಲೆಯಬೇಕು. ಹಾಗಾಗಿ ಟೆಂಡರಿನಲ್ಲಿ ಪ್ರೋಗ್ರಾಮರುಗಳ ತಿಂಗಳು ಎಣಿಸುವ ಮುಂಚೆ ಸರ್ವೆಯವರ, ಗ್ರಾಮ ಲೆಕ್ಕಿಗರ, ತಹಶೀಲ್ದಾರರ ತಿಂಗಳುಗಳನ್ನು ಎಣಿಸಿ, ಅದಕ್ಕೂ ಹಣ ಇಡಬೇಕು.