ಉತ್ತರಾಧಿಕಾರಿ ಸಮರ್ಥನಾದರೆ ಸಾಕೆ?

ಮುಕ್ತ ಆಕರ ತಂತ್ರಾಂಶಗಳ ಬಗ್ಗೆ ಕೇಳುವ ವಿದ್ಯಾರ್ಥಿಗಳಿಗೆ ನಾನು ಸೂಚಿಸುತ್ತ ಬಂದಿರುವ ಪುಸ್ತಕ ಎರಿಕ್ ರೇಮಂಡ್ ಅವರ ‘ದ ಕೆಥೀಡ್ರಲ್ ಅಂಡ್ ದ ಬಜಾರ್’. 1997ರಲ್ಲಿ ಪ್ರಬಂಧವಾಗಿ ಮಂಡಿತವಾಗಿ, 1999ರಲ್ಲಿ ಪುಸ್ತಕರೂಪ ಪಡೆದ ಈ ಕೃತಿಯ ಲವಲವಿಕೆ ಇನ್ನೂ ಮಾಸಿಲ್ಲ. ಆದರೆ ಅದರ ಒಂದು ಸಲಹೆಯನ್ನು ಈಗ ಹಾಗೆಯೇ ಒಪ್ಪುವಂತಿಲ್ಲ.

ತನ್ನ ತಂತ್ರಾಂಶದಲ್ಲಿ ಆಸಕ್ತಿ ಉಳಿಯದ ಕರ್ತೃ ಅದನ್ನು ಸಮರ್ಥರೊಬ್ಬರಿಗೆ ವಹಿಸಿಕೊಡಬೇಕು ಎನ್ನುತ್ತಾರೆ ರೇಮಂಡ್. ಇದಕ್ಕೆ ಅವರ ಸ್ವಂತ ಅನುಭವವೇ ಆಧಾರ. ‘ಪಾಪ್‌ಕ್ಲೈಂಟ್’ ಎಂಬ ಸಣ್ಣ ಮಿಂಚಂಚೆ ತಂತ್ರಾಂಶಕ್ಕೆ ಅವರು ತಿದ್ದುಪಡಿಗಳನ್ನು ಕಳಿಸಿದರು. ಅದರ ಕರ್ತೃ ಕಾರ್ಲ್ ಹ್ಯಾರಿಸ್ ಅದನ್ನು ಅವರಿಗೇ ಒಪ್ಪಿಸಿದರು. ಮುಂದೆ ಅದೇ ‘ಫೆಚ್‌ಮೇಲ್’ ಆಯಿತು.

ಇದೇ ದಾರಿಯಲ್ಲಿ ವಂಚಕನೂ ಬರಬಹುದಲ್ಲ? ದತ್ತಾಂಶವನ್ನು ಸಂಕುಚಿಸುವ ‘ಎಕ್ಸ್‌ಜೆಡ್ ಯುಟಿಲ್ಸ್’ ಲಿನಕ್ಸ್ ಗಣಕಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದೆ. ಅದರ ಉಸ್ತುವಾರಿ ಇದ್ದುದು ಬಹುಮಟ್ಟಿಗೆ ಒಬ್ಬರದೇ, ಅದೂ ಸಂಬಳವಿಲ್ಲದೆ. 2021ರಿಂದ ‘ಜಿಯಾ ಟಾನ್’ ಎಂಬ ಹೆಸರಿನಲ್ಲಿ ತಿದ್ದುಪಡಿಗಳು ಬರತೊಡಗಿದವು. ಕೆಲಸ ಚೆನ್ನಾಗಿಯೇ ಇತ್ತು! 2022ರಲ್ಲಿ ಬೇರೆ ಹೆಸರುಗಳವರು, ಕೆಲಸ ನಿಧಾನವಾಗುತ್ತಿದೆ, ಇನ್ನೊಬ್ಬರನ್ನು ಸೇರಿಸಿಕೊಳ್ಳಿ ಎಂದು ದಣಿದಿದ್ದ ಆ ಮನುಷ್ಯನನ್ನು ಒತ್ತಾಯಿಸಿದರು. ಜಿಯಾ ಟಾನ್‌ಗೆ ಅಧಿಕಾರ ಸಿಕ್ಕಿತು. 2024ರ ಫೆಬ್ರವರಿಯಲ್ಲಿ ಬಂದ 5.6.0 ಆವೃತ್ತಿಯಲ್ಲಿ, ದೂರದಿಂದ ಗಣಕದೊಳಕ್ಕೆ ನುಗ್ಗಲು ಒಂದು ಕಳ್ಳಬಾಗಿಲು ಅಡಗಿತ್ತು. ಸಾಮರ್ಥ್ಯವನ್ನಷ್ಟೇ ಅಳೆದರೆ ಈ ಅಭ್ಯರ್ಥಿ ಪ್ರಥಮ ದರ್ಜೆಯಲ್ಲಿ ತೇರ್ಗಡೆ.

ನೋಡುವ ಕಣ್ಣುಗಳು ಹೆಚ್ಚಿದಷ್ಟೂ ದೋಷಗಳು ಬೇಗ ಸಿಗುತ್ತವೆ ಎಂಬ ರೇಮಂಡ್ ಅವರ ಇನ್ನೊಂದು ವಾದವೂ ಇಲ್ಲಿ ಸೋಲುತ್ತದೆ. ಹಾನಿಕಾರಕ ಭಾಗವನ್ನು ಪರೀಕ್ಷೆಗೆಂದು ಇಟ್ಟ ಕಡತಗಳಲ್ಲಿ ಹುದುಗಿಸಲಾಗಿತ್ತು. ಅದನ್ನು ಹೊರತೆಗೆಯುವ ಸಾಲುಗಳು ಬಿಡುಗಡೆಯ ಕಟ್ಟಿನಲ್ಲಿ ಮಾತ್ರ ಇದ್ದವು, ಎಲ್ಲರೂ ನೋಡಬಹುದಾದ ಆಕರ ಭಂಡಾರದಲ್ಲಿ ಇರಲಿಲ್ಲ. ಆಂಡ್ರೆಸ್ ಫ್ರೂಂಡ್ ಎಂಬ ಎಂಜಿನಿಯರ್ ಇದನ್ನು ಪತ್ತೆಮಾಡಿ 2024ರ ಮಾರ್ಚ್ 29ರಂದು ಬಹಿರಂಗಪಡಿಸಿದರು. ಅವರಿಗೆ ಸುಳಿವು ಕೊಟ್ಟದ್ದು ಗಣಕದ ಪ್ರವೇಶ ಸುಮಾರು ಅರ್ಧ ಸೆಕೆಂಡು ತಡವಾದದ್ದು. ಭೌತವಿಜ್ಞಾನದ ಅಧ್ಯಾಪಕನಿಗೆ ಇದಕ್ಕಿಂತ ಖುಷಿ ಕೊಡುವ ಅಳತೆ ಇನ್ನೊಂದಿಲ್ಲ.

ಹೊಸಬರನ್ನು ಸಂಶಯಿಸಿ ದೂರವಿಟ್ಟರೆ ಲೈಬ್ರರಿಗಳು ಅನಾಥವಾಗುತ್ತವೆ. ಆದ್ದರಿಂದ ಪುಸ್ತಕದಲ್ಲಿ ಇಲ್ಲದ ಪ್ರಶ್ನೆಯೊಂದನ್ನು ಕೇಳಬೇಕು. ನಮ್ಮ ಪ್ರಯೋಗಾಲಯದಲ್ಲಿ ಒಬ್ಬರ ಫಲಿತಾಂಶವನ್ನು ಇನ್ನೊಬ್ಬರು ಸ್ವತಂತ್ರವಾಗಿ ಪಡೆಯಬೇಕು, ಮೊದಲಿನವರು ಎಷ್ಟೇ ಸಜ್ಜನರಾಗಿರಲಿ. ಹಾಗೆಯೇ ಬಿಡುಗಡೆಯ ಕಟ್ಟನ್ನು ಇನ್ನೊಬ್ಬರು ಆಕರ ಭಂಡಾರದಿಂದಲೇ ಕಟ್ಟಿ, ಎರಡೂ ಒಂದೇ ಎಂದು ಏಕೆ ತಾಳೆ ನೋಡಬಾರದು? ತಿದ್ದುಪಡಿ ಸೇರಿಸುವ ಹಕ್ಕು ಸಿಕ್ಕವರಿಗೆ ಬಿಡುಗಡೆ ಮಾಡುವ ಹಕ್ಕನ್ನೂ ಜೊತೆಗೇ ಏಕೆ ಕೊಡಬೇಕು? ಈ ತಪಾಸಣೆಗೂ ಜನ ಬೇಕು, ಹಣ ಬೇಕು. ಬಜಾರಿನಲ್ಲಿ ಕೊಳ್ಳುವವರ ಗದ್ದಲವನ್ನು ಸೊಗಸಾಗಿ ಬಣ್ಣಿಸುವ ರೇಮಂಡ್, ಅಂಗಡಿ ಕಾಯುವವನ ಕೂಲಿಯ ಬಗ್ಗೆ ಹೇಳುವುದು ತೀರ ಕಡಿಮೆ.