ಲ್ಯಾಟಿನ್ನಿನಲ್ಲಿ ಗ್ರೀಕ್ ಅಂಕಿತನಾಮಗಳು

ಪರಭಾಷೆಯಿಂದ ಬಂದ ಅಂಕಿತನಾಮವು ಮೂಲದ ಉಚ್ಚಾರವನ್ನು ಕಳೆದುಕೊಂಡರೆ ಅದನ್ನು ಅಶುದ್ಧವೆಂದು ಹಳಿಯುವುದು ಪಂಡಿತರ ವಾಡಿಕೆ. ಲ್ಯಾಟಿನ್ ಭಾಷೆಯು ಗ್ರೀಕ್ ಹೆಸರುಗಳನ್ನು ಸ್ವೀಕರಿಸಿದ ಬಗೆಯನ್ನು ಪರಿಶೀಲಿಸಿದರೆ ಈ ತೀರ್ಪು ಎಷ್ಟು ಅವಸರದ್ದೆಂಬುದು ವಿದಿತವಾಗುತ್ತದೆ.

ಗ್ರೀಕ್ ಕಾವ್ಯಗಳು ಲ್ಯಾಟಿನ್ನಿಗೆ ಅನುವಾದವಾಗುವುದಕ್ಕೆ ಮುಂಚೆಯೇ ಗ್ರೀಕ್ ವೀರರ ಹೆಸರುಗಳು ನೆರೆಯ ಎಟ್ರುಸ್ಕನರ ಬಾಯಿಂದ ರೋಮಿಗೆ ಬಂದಿದ್ದುವು. 'ಪೊಲಿಡ್ಯೂಕೆಸ್' ಎಟ್ರುಸ್ಕನ್ನಿನಲ್ಲಿ 'ಪುಲ್ತುಕೆ'ಯಾಗಿ, ಲ್ಯಾಟಿನ್ನಿನಲ್ಲಿ 'ಪೊಲ್ಲುಕ್ಸ್' ಆಯಿತು. 'ಗಾನಿಮೇಡೆಸ್' ಎಂಬುದು 'ಕತ್ಮಿತೆ'ಯಾಗಿ, 'ಕತಾಮಿತುಸ್' ಆಯಿತು. ಎಟ್ರುಸ್ಕನ್ನಿನಲ್ಲಿ ಗಕಾರ, ದಕಾರಗಳಂಥ ಘೋಷವರ್ಣಗಳಿರಲಿಲ್ಲ. ಮೊದಲ ಅಕ್ಷರದ ಮೇಲೆ ಬೀಳುವ ಒತ್ತಿನಿಂದ ನಡುವಣ ಸ್ವರಗಳು ಸವೆಯುತ್ತಿದ್ದುವು. ಆದ್ದರಿಂದ ಇವು ಪ್ರಮಾದಗಳಲ್ಲ, ನಿಯಮಬದ್ಧವಾದ ತದ್ಭವಗಳು. ಸಂಸ್ಕೃತ ಶಬ್ದಗಳು ಕನ್ನಡವಾಗುವ ಕ್ರಮಕ್ಕೆ ಕೇಶಿರಾಜನು ಸೂತ್ರಗಳನ್ನು ರಚಿಸಿದಂತೆ ಇವಕ್ಕೂ ಸೂತ್ರಗಳನ್ನು ರಚಿಸಬಹುದು.

ಗ್ರೀಕ್ ವಿದ್ಯೆ ಬೆಳೆದಂತೆ ಓದಿನ ದಾರಿ ತೆರೆಯಿತು. ಕ್ರಿ. ಪೂ. 46ರಲ್ಲಿ ರಚಿಸಿದ 'ಓರಾಟರ್' ಗ್ರಂಥದಲ್ಲಿ ಸಿಸೆರೋ, ಎನ್ನಿಯಸ್ ಕವಿಯು 'ಪಿರ್ಹುಸ್' ಎಂಬ ಅರಸನ ಹೆಸರನ್ನು ಯಾವಾಗಲೂ 'ಬುರ್ರುಸ್' ಎಂದೇ ಬರೆಯುತ್ತಿದ್ದನೆಂದು ತಿಳಿಸುತ್ತಾನೆ. ಹಿಂದಿನವರು ಗ್ರೀಕ್ ಅಕ್ಷರವನ್ನು ಬಳಸುತ್ತಿರಲಿಲ್ಲ. ಸಿಸೆರೋನ ಕಾಲಕ್ಕೆ ಎರಡು ಅಕ್ಷರಗಳು ಬಳಕೆಗೆ ಬಂದಿದ್ದುವು. ಹೀಗೆ ತತ್ಸಮರೂಪಗಳು ಶಿಷ್ಟರ ಲಕ್ಷಣವಾದುವು.

ವಿಭಕ್ತಿಯ ವಿಚಾರದಲ್ಲಿ ತೊಡಕು ಇನ್ನೂ ಹೆಚ್ಚು. 'ಪ್ಲಾಟೋನ್' ಎಂಬ ಹೆಸರು ಪ್ರಥಮಾ ವಿಭಕ್ತಿಯಲ್ಲಿ ನಕಾರವನ್ನು ಬಿಟ್ಟು 'ಪ್ಲಾಟೋ' ಆಗಿ, ಷಷ್ಠಿಯಲ್ಲಿ 'ಪ್ಲಾಟೋನಿಸ್' ಎಂದು ಲ್ಯಾಟಿನ್ ಶಬ್ದಗಳ ಸಾಲಿಗೆ ಸೇರಿತು. ಆದರೆ ಎಲ್ಲ ಹೆಸರುಗಳೂ ಇಷ್ಟು ಸುಲಭವಾಗಿ ಒಗ್ಗಲಿಲ್ಲ. ಔಚಿತ್ಯಕ್ಕೆ ಭಂಗ ಬಾರದಷ್ಟು ಮಟ್ಟಿಗೆ ಲ್ಯಾಟಿನ್ ಕ್ರಮವನ್ನೇ ಅನುಸರಿಸಬೇಕೆಂಬುದು ಕ್ರಿ. ಶ. ಒಂದನೆಯ ಶತಮಾನದ ಕ್ವಿಂಟಿಲಿಯನ್ನನ ಮತ. ಆದರೂ ಸೀಸರನು ಬಳಸಿದ 'ಕಲಿಪ್ಸೋನೆಮ್' ಎಂಬ ದ್ವಿತೀಯಾರೂಪವನ್ನು ಅವನು ಒಪ್ಪುವುದಿಲ್ಲ. ಸೀಸರನ ಪ್ರಾಮಾಣ್ಯಕ್ಕಿಂತ ರೂಢಿಯೇ ಅವನಿಗೆ ಬಲವತ್ತರ.

ಈ ವಿವೇಕ ಶ್ಲಾಘ್ಯವಾದುದು. ಆದರೆ ರೂಢಿ ಯಾರದು? ಭಾಷೆಯ ರೂಢಿಯೆಂದರೆ ವಿದ್ವಾಂಸರ ಸಮ್ಮತಿಯೆಂದು ಕ್ವಿಂಟಿಲಿಯನ್ನನೇ ಅನ್ಯತ್ರ ವಿವರಿಸುತ್ತಾನೆ. ಇಲ್ಲಿ ಅವನ ವಾದ ಸೋಲುತ್ತದೆ. 'ಪೊಲ್ಲುಕ್ಸ್' ಎಂಬ ಹೆಸರನ್ನು ರೂಪಿಸಿದ್ದು ವಿದ್ವತ್ಸಭೆಯಲ್ಲ, ಸಾಮಾನ್ಯರ ನಾಲಗೆ. ವಿದ್ವಾಂಸರೂ ಅದನ್ನು ಕೊನೆಗೆ ತಿದ್ದಲಿಲ್ಲ. ಈ ಪ್ರಶ್ನೆಗೆ ಮೇಲಾದ ಉತ್ತರವನ್ನು ಕೊಟ್ಟವನು ವರ್ಜಿಲ್. ತನ್ನ ಮಹಾಕಾವ್ಯದಲ್ಲಿ ಅವನು ನಾಯಕನಿಗೆ 'ಐನೇಆನ್' ಎಂಬ ಗ್ರೀಕ್ ದ್ವಿತೀಯೆಯನ್ನು ಉಳಿಸಿದನು. ಒಡಿಸ್ಸ್ಯೂಸನನ್ನು ಮಾತ್ರ ರೋಮನರ ಹಳೆಯ ಬಳಕೆಯಂತೆ 'ಉಲಿಕ್ಸೆಸ್' ಎಂದೇ ಕರೆದನು. ಓದಿನಿಂದ ಬಂದುದೂ ಕಿವಿಯಿಂದ ಬಂದುದೂ ಒಂದೇ ಕಾವ್ಯದಲ್ಲಿ ವಿರೋಧವಿಲ್ಲದೆ ನಿಂತಿವೆ. ಎರವಲು ಹೆಸರು ಸ್ವಂತವಾಗುವುದು ಮೂಲದ ಶುದ್ಧಿಯಿಂದಲ್ಲ, ಸ್ವೀಕರಿಸಿದ ಭಾಷೆಯಲ್ಲಿ ಅದು ಬಾಳಿದ ಬಾಳಿನಿಂದ.