ಹಿಂದಿರುಗುವ ಸುಂಕ ಯಾರಿಗೆ ಸಲ್ಲಬೇಕು?

೧

ಸುಂಕವನ್ನು ತೆರುವವನು ಬೇರೆ, ಅದರ ಭಾರವನ್ನು ಹೊರುವವನು ಬೇರೆ ಎಂಬುದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಬಂದರಿನಲ್ಲಿ ಹಣ ಕಟ್ಟುವವನು ಆಮದುದಾರ. ಆತ ಅದನ್ನು ಸರಕಿನ ಬೆಲೆಯೊಳಗೆ ಸೇರಿಸಿ ಸಗಟು ವ್ಯಾಪಾರಿಯಿಂದ ವಸೂಲು ಮಾಡಿಕೊಳ್ಳುತ್ತಾನೆ. ಸಗಟು ವ್ಯಾಪಾರಿ ಚಿಲ್ಲರೆ ಅಂಗಡಿಯವನಿಂದ, ಅಂಗಡಿಯವನು ಗಿರಾಕಿಯಿಂದ. ವಸೂಲಿ ಸುಸೂತ್ರವಾಗಿ ನಡೆಯುವವರೆಗೆ ಈ ಭೇದವು ಯಾರನ್ನೂ ಬಾಧಿಸದು. ವಸೂಲಾದ ಸುಂಕವು ಕಾನೂನಿಗೆ ವಿರುದ್ಧವಾದುದೆಂದು ತೀರ್ಮಾನವಾಗಿ, ಹಣವನ್ನು ಹಿಂದಿರುಗಿಸಬೇಕಾಗಿ ಬಂದಾಗ ಮಾತ್ರ ಪ್ರಶ್ನೆ ಏಳುತ್ತದೆ. ಹಣವನ್ನು ಕಟ್ಟಿದವನಿಗೆ ಕೊಡಬೇಕೆ, ಭಾರ ಹೊತ್ತವನಿಗೆ ಕೊಡಬೇಕೆ, ಇಲ್ಲವೆ ಸರ್ಕಾರವೇ ಇರಿಸಿಕೊಳ್ಳಬೇಕೆ?

ಇದಕ್ಕೆ ನಮ್ಮ ಕಾನೂನು ಕೊಟ್ಟಿರುವ ಉತ್ತರವನ್ನು ಅನ್ಯಾಯಲಾಭನಿಷೇಧ ನಿಯಮವೆಂದು ಕರೆಯಬಹುದು. ವಕೀಲರು ಅನ್‌ಜಸ್ಟ್ ಎನ್‌ರಿಚ್‌ಮೆಂಟ್ ಎನ್ನುವುದು ಈ ನಿಯಮವು ತಡೆಯಹೊರಟಿರುವ ದೋಷವನ್ನೇ. ಒಬ್ಬನ ನಷ್ಟದಿಂದ ಮತ್ತೊಬ್ಬನು ಧನವಂತನಾಗಬಾರದೆಂಬ ಇದರ ಮೂಲತತ್ತ್ವವು ರೋಮನ್ ನ್ಯಾಯಶಾಸ್ತ್ರಜ್ಞ ಪಾಂಪೋನಿಯಸನಷ್ಟು ಹಳೆಯದು. ಈ ನಿಯಮದ ಗುಣದೋಷಗಳನ್ನು ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಬೇಸಾಯಗಾರನ ಕಡೆಯಿಂದ ಪರೀಕ್ಷಿಸುವುದು ಈ ಲೇಖನದ ಉದ್ದೇಶ. ಕಡಲಿಗೆ ದೂರವಾದ ಈ ಒಳನಾಡನ್ನು ಏಕೆ ಆರಿಸಿಕೊಂಡೆವೆಂದರೆ, ಸುಂಕದ ಸರಪಳಿಯ ಕೊನೆಯ ಕೊಂಡಿ ಇರುವುದು ಬಂದರಿನಲ್ಲಲ್ಲ, ಇಂಥ ಊರುಗಳಲ್ಲಿ. ನಿಯಮದ ಸತ್ತ್ವಪರೀಕ್ಷೆಯೂ ಆ ಕೊನೆಯಲ್ಲಿಯೇ ನಡೆಯತಕ್ಕದ್ದು.

೨

ನಿಯಮವು ಬೆಳೆದುಬಂದ ಬಗೆಯನ್ನು ಮೊದಲು ಸಂಕ್ಷೇಪವಾಗಿ ನೋಡೋಣ. ೧೮೭೨ರ ಕರಾರು ಕಾಯಿದೆಯ ೭೨ನೆಯ ಕಲಮು, ತಪ್ಪು ತಿಳಿವಳಿಕೆಯಿಂದಾಗಲಿ ಬಲಾತ್ಕಾರದಿಂದಾಗಲಿ ಸಂದ ಹಣವನ್ನು ಪಡೆದವನು ಹಿಂದಿರುಗಿಸತಕ್ಕದ್ದೆಂದು ವಿಧಿಸುತ್ತದೆ. ೧೯೫೯ರಲ್ಲಿ ವರದಿಯಾದ ಕನ್ಹಯ್ಯಲಾಲ್ ಮುಕುಂದಲಾಲ್ ಸರಾಫ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ಕಲಮನ್ನು ವಿಶಾಲವಾಗಿ ಅರ್ಥಮಾಡಿ, ಕಾನೂನಿನ ವಿಷಯದ ತಪ್ಪು ತಿಳಿವಳಿಕೆಯಿಂದ ಕಟ್ಟಿದ ತೆರಿಗೆಯೂ ಹಿಂದಿರುಗಬೇಕೆಂದಿತು. ಸರ್ಕಾರವು ಆ ಹಣವನ್ನು ಆಗಲೇ ವೆಚ್ಚಮಾಡಿದೆಯೆಂಬ ವಾದಕ್ಕೆ ಅಲ್ಲಿ ಮನ್ನಣೆ ದೊರೆಯಲಿಲ್ಲ.

ಇದಾದ ಮೇಲೆ ಮೈಸೂರು ರಾಜ್ಯದಿಂದಲೇ ಹೋದ ಎರಡು ಮೊಕದ್ದಮೆಗಳು ಗಮನಾರ್ಹವಾದುವು. ಎರಡೂ ಡಿ. ಕಾವಸ್‌ಜಿ ಕಂಪನಿಯ ಹೆಸರಿನವು. ಎರಡೂ ಮದ್ಯದ ಬಾಬಿನವು. ೧೯೪೧ರ ಮೈಸೂರು ಪ್ರಾಥಮಿಕ ಶಿಕ್ಷಣ ಕಾಯಿದೆಯ ಮೇರೆಗೆ ಅಬಕಾರಿ ಸುಂಕದ ಮೇಲೆ ಎತ್ತಿದ ಶಿಕ್ಷಣ ಕರವನ್ನು ಹಿಂದಿರುಗಿಸಬೇಕೆಂಬ ಬೇಡಿಕೆ ಮೊದಲನೆಯದು. ೧೯೭೫ರಲ್ಲಿ ವರದಿಯಾದ ಆ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ವಿಳಂಬದ ಕಾರಣದಿಂದ ಬೇಡಿಕೆಯನ್ನು ತಳ್ಳಿಹಾಕಿದುದನ್ನು ಎತ್ತಿಹಿಡಿದು, ಮರುಪಾವತಿಗೆ ಮಿತವಾದ ಅವಧಿಯನ್ನು ಗೊತ್ತುಪಡಿಸುವುದು ರಾಜ್ಯದ ಹಣಕಾಸಿನ ಭದ್ರತೆಗೆ ಅವಶ್ಯವೆಂದು ಸೂಚಿಸಿತು. ಎರಡನೆಯದು ೧೯೮೪ರ ತೀರ್ಪು. ಸಾರಾಯಿಯ ಮೇಲಿನ ಮಾರಾಟ ತೆರಿಗೆಯನ್ನು ಹಿಂದಿರುಗಿಸಬೇಕಾಗಿ ಬಂದಾಗ ರಾಜ್ಯವು ಅದರ ದರವನ್ನು ಶೇಕಡ ೬.೫ರಿಂದ ೪೫ಕ್ಕೆ ಪೂರ್ವಾನ್ವಯವಾಗಿ ಏರಿಸಿ ಹೊಣೆಯಿಂದ ಪಾರಾಗಲು ಯತ್ನಿಸಿತು. ಕೋರ್ಟು ಆ ಪೂರ್ವಾನ್ವಯವನ್ನು ರದ್ದುಮಾಡಿತು. ಈ ಎರಡು ಮೊಕದ್ದಮೆಗಳಲ್ಲಿಯೂ ಎದುರುಬದುರಾಗಿ ನಿಂತವರು ವ್ಯಾಪಾರಸ್ಥರು ಮತ್ತು ಸರ್ಕಾರ. ದಿನದ ಕೂಲಿಯಿಂದ ಸಾರಾಯಿಯ ಬೆಲೆ ತೆತ್ತವನು ಎರಡು ಪಕ್ಷಗಳಲ್ಲಿಯೂ ಇರಲಿಲ್ಲ.

ಮೂರನೆಯ ಈ ವ್ಯಕ್ತಿಯನ್ನು ಕಾನೂನು ನೆನೆದದ್ದು ೧೯೯೧ರಲ್ಲಿ. ಆ ವರ್ಷದ ತಿದ್ದುಪಡಿ ಕಾಯಿದೆಯು ಕೇಂದ್ರ ಅಬಕಾರಿ ಕಾಯಿದೆಯನ್ನೂ ೧೯೬೨ರ ಕಸ್ಟಮ್ಸ್ ಕಾಯಿದೆಯನ್ನೂ ಒಂದೇ ರೀತಿಯಾಗಿ ಬದಲಾಯಿಸಿತು. ಕಸ್ಟಮ್ಸ್ ಕಾಯಿದೆಯ ೨೭ನೆಯ ಕಲಮಿನಂತೆ, ಸುಂಕದ ಭಾರವನ್ನು ಬೇರೊಬ್ಬರಿಗೆ ದಾಟಿಸಿಲ್ಲವೆಂದು ತೋರಿಸಿದ ಆಮದುದಾರನಿಗೆ ಮಾತ್ರ ಹಣ ಹಿಂದಿರುಗುತ್ತದೆ. ೨೮ಡಿ ಕಲಮಿನಂತೆ, ವಿರುದ್ಧವಾಗಿ ರುಜುವಾತಾಗುವವರೆಗೆ, ಆತ ಪೂರ್ತಿ ಭಾರವನ್ನು ಕೊಂಡವನಿಗೆ ದಾಟಿಸಿದ್ದಾನೆಂದೇ ಊಹಿಸತಕ್ಕದ್ದು. ದಾಟಿಸಿದ್ದರೆ ಹಣವು ಗ್ರಾಹಕ ಕಲ್ಯಾಣ ನಿಧಿಗೆ ಜಮೆಯಾಗುತ್ತದೆ. ೧೯೯೬ರ ಡಿಸೆಂಬರಿನಲ್ಲಿ ಒಂಬತ್ತು ನ್ಯಾಯಾಧೀಶರ ಪೀಠವು ಮಫತ್‌ಲಾಲ್ ಇಂಡಸ್ಟ್ರೀಸ್ ಮೊಕದ್ದಮೆಯಲ್ಲಿ ಬಹುಮತದಿಂದ ಈ ಏರ್ಪಾಟನ್ನು ಎತ್ತಿಹಿಡಿಯಿತು. ಬಹುಮತದ ತೀರ್ಪನ್ನು ಬರೆದ ನ್ಯಾಯಮೂರ್ತಿ ಬಿ. ಪಿ. ಜೀವನ್ ರೆಡ್ಡಿಯವರ ವಾದದ ತಿರುಳು ಇಷ್ಟು: ಗಿರಾಕಿಯಿಂದ ಒಮ್ಮೆ ವಸೂಲು ಮಾಡಿಕೊಂಡವನಿಗೆ ಸರ್ಕಾರದಿಂದ ಮತ್ತೊಮ್ಮೆ ದೊರೆತರೆ ಅದು ನ್ಯಾಯವಲ್ಲ, ಅಯಾಚಿತ ಲಾಭ, ಸರ್ಕಾರವಾದರೋ ಸಮಸ್ತ ಜನರ ಪ್ರತಿನಿಧಿಯಾದ್ದರಿಂದ ಅದರಲ್ಲಿ ಹಣ ಉಳಿದರೆ ಅನ್ಯಾಯಲಾಭದ ಮಾತಿಲ್ಲ.

೩

ಈ ವಾದದ ಮೊದಲರ್ಧವನ್ನು ನಾವು ನಿಸ್ಸಂಕೋಚವಾಗಿ ಒಪ್ಪುತ್ತೇವೆ. ಮಧ್ಯವರ್ತಿಗೆ ಎರಡು ಸಲ ಹಣ ಸಲ್ಲುವುದನ್ನು ಯಾವ ನ್ಯಾಯವೂ ಸಮರ್ಥಿಸಲಾರದು. ಆದರೆ ಹಣವು ಯಾರಿಗೆ ಸಲ್ಲಬಾರದೆಂಬುದನ್ನು ನಿರ್ಧರಿಸಿದ ಮಾತ್ರಕ್ಕೆ ಯಾರಿಗೆ ಸಲ್ಲಬೇಕೆಂಬುದು ನಿರ್ಧಾರವಾದಂತಾಗಲಿಲ್ಲ. ನಿಯಮವು ಮೊದಲ ಪ್ರಶ್ನೆಯಲ್ಲಿ ಎಷ್ಟು ಕಟ್ಟುನಿಟ್ಟೋ ಎರಡನೆಯದರಲ್ಲಿ ಅಷ್ಟು ಉದಾಸೀನವಾಗಿದೆ. ಇದೇ ನಮ್ಮ ಮುಖ್ಯ ಆಕ್ಷೇಪ.

ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. ೨೦೦೦ದಲ್ಲಿ ತೀರ್ಮಾನವಾದ ಸೋಲಾರ್ ಪೆಸ್ಟಿಸೈಡ್ ಮೊಕದ್ದಮೆಯ ಸರಕು ಹೊರದೇಶದಿಂದ ತರಿಸಿದ ತಾಮ್ರದ ಗುಜರಿ. ಅದರಿಂದ ಕಂಪನಿಯು ಕಾಪರ್ ಆಕ್ಸಿಕ್ಲೋರೈಡ್ ಎಂಬ ಶಿಲೀಂಧ್ರನಾಶಕವನ್ನು ತಯಾರಿಸುತ್ತಿತ್ತು. ಗುಜರಿಯನ್ನು ಹಾಗೆಯೇ ಮಾರದೆ ಕಾರ್ಖಾನೆಯೊಳಗೆ ಬಳಸಿದ್ದರಿಂದ ಭಾರ ದಾಟಿಸುವ ಮಾತೇ ಇಲ್ಲವೆಂದು ಕಂಪನಿ ವಾದಿಸಿತು. ಕಚ್ಚಾ ಪದಾರ್ಥದ ಸುಂಕವು ತಯಾರಾದ ಸರಕಿನ ಬೆಲೆಯಲ್ಲಿ ಸೇರಿಹೋಗಬಲ್ಲುದಾದ್ದರಿಂದ ನಿಯಮವು ಇಲ್ಲಿಯೂ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟು ಹೇಳಿತು. ತರ್ಕವು ಸರಿಯಾಗಿದೆ. ಆದರೆ ಅದನ್ನು ಇನ್ನೂ ಒಂದು ಹೆಜ್ಜೆ ಮುಂದೆ ಕೊಂಡೊಯ್ದು ನೋಡಬೇಕು. ಈ ಔಷಧದ ಪೊಟ್ಟಣವನ್ನು ಕೊಳ್ಳುವವನು ಯಾರು? ಟೊಮ್ಯಾಟೊ ಗಿಡಕ್ಕೆ, ತೆಂಗಿಗೆ, ವೀಳ್ಯದೆಲೆಯ ಬಳ್ಳಿಗೆ ರೋಗ ತಗಲಿದಾಗ ಗೊಬ್ಬರದ ಅಂಗಡಿಗೆ ಹೋಗುವ ಬೇಸಾಯಗಾರ. ತಾಮ್ರದ ಮೇಲಿನ ಸುಂಕದಲ್ಲಿ ಬೆಲೆಯೊಳಗೆ ಇಳಿದಷ್ಟು ಭಾಗವೆಲ್ಲ ಆತನ ಹೆಗಲಿಗೆ ಬಂದು ನಿಲ್ಲುತ್ತದೆ.

ನಿಲ್ಲುತ್ತದೆಂಬ ಮಾತನ್ನು ಎಣಿಸಿಯೇ ಬಳಸಿದ್ದೇವೆ. ಆಮದುದಾರನಂತೆ, ಕಾರ್ಖಾನೆಯವನಂತೆ ಬೇಸಾಯಗಾರನು ತನ್ನ ಖರ್ಚನ್ನು ಬೆಲೆಗೆ ಸೇರಿಸಲಾರ. ಟೊಮ್ಯಾಟೊ ಹರಾಜಿನಲ್ಲಿ ಕೂಗಿದ ಬೆಲೆಗೆ ಹೋಗುತ್ತದೆ. ನಾಗಮಂಗಲದ ಕೊಬ್ಬರಿಗೆ ತಿಪಟೂರಿನ ಹರಾಜಿನ ಧಾರಣೆಯೇ ಅಳತೆಗೋಲು. ನಾಲೆಯ ನೀರಿನಲ್ಲಿ ಬೆಳೆದ ಪಾಂಡವಪುರ, ಶ್ರೀರಂಗಪಟ್ಟಣಗಳ ಕಬ್ಬಿಗೆ ಕೇಂದ್ರ ಸರ್ಕಾರ ಗೊತ್ತುಪಡಿಸಿದ ದರವುಂಟು. ಎಲ್ಲಿಯೂ ಬೆಲೆ ಹೇಳುವವನು ಬೆಳೆದವನಲ್ಲ. ಕಾಯಿದೆಯು ಭಾರವನ್ನು ಕೈಯಿಂದ ಕೈಗೆ ದಾಟುವ ವಸ್ತುವೆಂದು ಕಲ್ಪಿಸಿದೆ. ದಾಟಿಸಲು ಮುಂದೆ ಕೈಯಿಲ್ಲದವನ ಬಳಿ ಅದು ಕೊನೆಗೊಳ್ಳುತ್ತದೆ.

ಇಂಥವನಿಗೂ ಕಾಯಿದೆಯು ಹಕ್ಕನ್ನು ಕೊಟ್ಟಿಲ್ಲವೆ ಎಂದು ಓದುಗರು ಕೇಳಬಹುದು. ಕೊಟ್ಟಿದೆ. ಭಾರವನ್ನು ತಾನೇ ಹೊತ್ತು ಮುಂದಕ್ಕೆ ದಾಟಿಸದ ಕೊಳ್ಳುಗನೂ ಮರುಪಾವತಿ ಕೇಳಬಹುದೆಂದು ೨೭ನೆಯ ಕಲಮು ಹೇಳುತ್ತದೆ. ಆದರೆ ಈ ಹಕ್ಕನ್ನು ಚಲಾಯಿಸುವ ಬಗೆಯೇನು? ಪೊಟ್ಟಣದ ಮೇಲೆ ಸುಂಕದ ಮೊತ್ತ ಅಚ್ಚಾಗಿರುವುದಿಲ್ಲ. ಗುಜರಿಯು ಯಾವ ಹಡಗಿನಲ್ಲಿ ಬಂದಿತೆಂಬುದು ಅಂಗಡಿಯವನಿಗೇ ತಿಳಿಯದು. ಕಾಯಿದೆಯ ಸಾಮಾನ್ಯ ಅವಧಿ ಈಗ ಒಂದು ವರ್ಷ. ಕಂಪನಿಗಳು ಲೆಕ್ಕಪರಿಶೋಧಕರ ಪ್ರಮಾಣಪತ್ರವನ್ನೂ, ಸರ್ಕಾರದಿಂದ ಬರಬೇಕಾದ ಬಾಕಿಯೆಂದು ಆ ಮೊತ್ತವನ್ನು ತೋರಿಸಿದ ಆಯವ್ಯಯ ಪಟ್ಟಿಯನ್ನೂ ಹಾಜರುಪಡಿಸಿ ಭಾರ ದಾಟಿಸಿಲ್ಲವೆಂದು ರುಜುವಾತು ಮಾಡಲು ಯತ್ನಿಸುತ್ತವೆ. ಹೊಲದ ಲೆಕ್ಕಕ್ಕೆ ಅಂಥ ಪಟ್ಟಿಯಿಲ್ಲ. ಹಕ್ಕು ಕಾಗದದ ಮೇಲಿದೆ. ಅದನ್ನು ಎತ್ತಿಕೊಳ್ಳಲು ಬೇಕಾದ ಸಾಧನಗಳೆಲ್ಲ ಹಕ್ಕಿಲ್ಲದವನ ಕೈಯಲ್ಲಿವೆ.

ಎರಡನೆಯ ಆಕ್ಷೇಪವು ಇದಕ್ಕಿಂತ ಸೂಕ್ಷ್ಮವಾದುದು. ಭಾರವು ಯಾವಾಗಲೂ ಮುಂದಕ್ಕೇ ಸರಿಯುತ್ತದೆಂಬುದು ಕಾಯಿದೆಯ ಊಹೆ. ಅರ್ಥಶಾಸ್ತ್ರವು ಹಾಗೆ ಹೇಳುವುದಿಲ್ಲ. ಮಾರುವವನು ಬೆಲೆ ಏರಿಸಲಾರದ ಪೇಟೆಯಲ್ಲಿ ಭಾರವು ಹಿಂದಕ್ಕೆ, ಎಂದರೆ ಕಚ್ಚಾ ಪದಾರ್ಥವನ್ನು ಒದಗಿಸಿದವನ ಕಡೆಗೂ ಸರಿಯಬಹುದು. ಇದಕ್ಕೆ ಸಕ್ಕರೆಯ ಉದಾಹರಣೆ ಸ್ಪಷ್ಟವಾಗಿದೆ. ಅಬಕಾರಿ ಸುಂಕದ ನಿಯಮವೂ ಆಮದು ಸುಂಕದ ನಿಯಮವೂ ಒಂದೇ ಅಚ್ಚಿನವಾದ್ದರಿಂದ ಅದನ್ನು ಇಲ್ಲಿ ತರುವುದು ಅಪ್ರಸ್ತುತವಲ್ಲ. ೨೦೧೩ರವರೆಗೆ ಕಾರ್ಖಾನೆಗಳು ಉತ್ಪತ್ತಿಯ ಒಂದು ಪಾಲನ್ನು ಲೆವಿಯಾಗಿ ಸರ್ಕಾರ ಗೊತ್ತುಮಾಡಿದ ಬೆಲೆಗೆ ಕೊಡಬೇಕಾಗಿತ್ತು. ಸಕ್ಕರೆಯ ಅಬಕಾರಿ ಸುಂಕವು ೨೦೧೭ರವರೆಗೂ ಇದ್ದಿತು. ಸಕ್ಕರೆಯ ಬೆಲೆಯಿಂದ ಭರ್ತಿಯಾಗದ ಸುಂಕವನ್ನು ಕಾರ್ಖಾನೆಯು ತನ್ನ ಲಾಭದಿಂದ ಭರಿಸಬೇಕು, ಇಲ್ಲವೆ ಕಬ್ಬಿನ ಹಣವನ್ನು ತಡಮಾಡಿ, ಕನಿಷ್ಠ ದರದ ಮೇಲೆ ಕೊಡಬಹುದಾಗಿದ್ದುದನ್ನು ಬಿಗಿಹಿಡಿದು ಸರಿದೂಗಿಸಬೇಕು.

ಅಂಥ ಸುಂಕವು ಮುಂದೆ ತಪ್ಪೆಂದು ತೀರ್ಮಾನವಾದರೆ ಆಗುವುದೇನು? ಸಕ್ಕರೆ ಕೊಂಡವನಿಗೆ ಭಾರ ದಾಟಿಲ್ಲವೆಂದು ಕಾರ್ಖಾನೆ ತೋರಿಸಿಕೊಟ್ಟರೆ ಹಣವು ಕಾರ್ಖಾನೆಗೆ ಹಿಂದಿರುಗುತ್ತದೆ. ಕಬ್ಬು ಬೆಳೆದವನಿಗೆ ದಾಟಿದೆಯೆ ಎಂದು ಕಾಯಿದೆಯು ಕೇಳುವುದೇ ಇಲ್ಲ. ಮಧ್ಯವರ್ತಿಯ ಅನ್ಯಾಯಲಾಭವನ್ನು ಒಂದು ಬಾಗಿಲಲ್ಲಿ ತಡೆದ ನಿಯಮವು ಮತ್ತೊಂದು ಬಾಗಿಲನ್ನು ತೆರೆದಿಟ್ಟಿದೆ. ಬೆಳೆಗಾರರೇ ಷೇರುದಾರರಾದ ಸಹಕಾರಿ ಕಾರ್ಖಾನೆಯಲ್ಲಿ ಈ ದೋಷವು ತಕ್ಕಮಟ್ಟಿಗೆ ತಾನಾಗಿಯೇ ಪರಿಹಾರವಾಗಬಹುದು. ಏಕೆಂದರೆ ಹಿಂದಿರುಗಿದ ಹಣವು ಕಬ್ಬಿನ ಒಡೆಯರ ಸಂಸ್ಥೆಗೇ ಸೇರುತ್ತದೆ. ಆದರೆ ೨೦೦೫ರಲ್ಲಿ ಗುಜರಾತಿನ ಸಹಕಾರಿ ಖಾಂಡ್ ಉದ್ಯೋಗ ಮಂಡಲದ ಮೊಕದ್ದಮೆಯನ್ನು ತೀರ್ಮಾನಿಸುವಾಗ ಸುಪ್ರೀಂ ಕೋರ್ಟು, ಅನ್ಯಾಯಲಾಭದ ತತ್ತ್ವವು ಕಾಯಿದೆಯ ಕಲಮನ್ನು ಅವಲಂಬಿಸದೆಯೂ ಅನ್ವಯಿಸುತ್ತದೆಂದು ಹೇಳಿ, ಸಹಕಾರಿ ಕಾರ್ಖಾನೆಯನ್ನೂ ಅದೇ ಒರೆಗಲ್ಲಿಗೆ ಹಚ್ಚಿತು. ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆಯಾದರೋ ೨೦೨೦ರಲ್ಲಿ ದೀರ್ಘಾವಧಿಯ ಗುತ್ತಿಗೆಯಾಗಿ ಖಾಸಗಿಯವರ ಕೈಸೇರಿತು. ಸಹಕಾರದಿಂದ ಒದಗಬಹುದಾಗಿದ್ದ ಆ ಪರಿಹಾರವೂ ಅಲ್ಲಿ ದೂರವಾದಂತೆಯೇ.

೪

ಇನ್ನು ವಾದದ ಉತ್ತರಾರ್ಧ. ಸರ್ಕಾರವು ಜನರ ಪ್ರತಿನಿಧಿಯಾದ್ದರಿಂದ ಅದಕ್ಕೆ ಅನ್ಯಾಯಲಾಭವಿಲ್ಲವೆಂಬುದು ಅರ್ಧಸತ್ಯ. ಕಾನೂನಿನ ಆಧಾರವಿಲ್ಲದೆ ತೆರಿಗೆಯನ್ನು ವಿಧಿಸಬಾರದು, ವಸೂಲು ಮಾಡಬಾರದೆಂದು ಸಂವಿಧಾನದ ೨೬೫ನೆಯ ಅನುಚ್ಛೇದವೇ ಹೇಳಿದೆ. ತಪ್ಪಾಗಿ ಎತ್ತಿದ ಹಣ ತನ್ನಲ್ಲಿಯೇ ಉಳಿಯುವುದೆಂದು ಖಾತರಿಯಾದ ಇಲಾಖೆಗೆ ತಪ್ಪನ್ನು ತಿದ್ದಿಕೊಳ್ಳುವ ಅವಸರವೇನು? ಮೇಲಾಗಿ ಸಮಸ್ತ ಜನರೆಂದರೆ ಭಾರ ಹೊತ್ತ ಜನರಲ್ಲ. ತೆಂಗಿನ ತೋಟದವನು ತೆತ್ತ ಹಣವು ಸಮಸ್ತರ ಬೊಕ್ಕಸದಲ್ಲಿ ಬೆರೆತರೆ ಆತನಿಗೆ ನ್ಯಾಯ ದೊರೆಯಿತೆನ್ನುವುದು ಕಷ್ಟ.

ಈ ಲೋಪವನ್ನು ತುಂಬಲೆಂದೇ ಗ್ರಾಹಕ ಕಲ್ಯಾಣ ನಿಧಿಯ ಕಲ್ಪನೆ ಹುಟ್ಟಿತು. ಅದರ ನಿಯಮಗಳು ೧೯೯೨ರಲ್ಲಿ ಬಂದುವು. ೨೦೧೭ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯಲ್ಲಿಯೂ ಅಂಥದೇ ನಿಧಿಯ ಏರ್ಪಾಟಿದೆ. ಕಲ್ಪನೆ ಪ್ರಶಂಸನೀಯವಾದುದು. ಕೊರತೆಯೇನೆಂದರೆ, ಹಣವು ಯಾವ ಸರಕಿನಿಂದ, ಯಾವ ವರ್ಗದವರಿಂದ ಬಂದಿತೋ ಅದಕ್ಕೂ ನಿಧಿಯ ವೆಚ್ಚಕ್ಕೂ ಸಂಬಂಧವಿರಬೇಕೆಂಬ ಕಟ್ಟು ಇಲ್ಲದಿರುವುದು.

ಇಲ್ಲಿ ನಮ್ಮ ನಾಡಿನ ಹಳೆಯ ಪದ್ಧತಿಯೊಂದನ್ನು ನೆನೆಯುವುದು ಉಚಿತವಾಗಿದೆ. ಈ ನಾಲ್ಕು ತಾಲ್ಲೂಕುಗಳ ಶಾಸನಗಳು ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಆವೃತ್ತಿಯ ಆರು ಮತ್ತು ಏಳನೆಯ ಸಂಪುಟಗಳಲ್ಲಿ ಅಚ್ಚಾಗಿವೆ. ಹೊಯ್ಸಳರ ಕಾಲದ ದಾನಶಾಸನಗಳನ್ನು ಓದಿದವರಿಗೆ ಹೆಜ್ಜುಂಕ, ವಡ್ಡರಾವುಳ ಮೊದಲಾದ ಸುಂಕಗಳ ಹೆಸರು ಪರಿಚಿತವಾದುದು. ಅಂಥ ಸುಂಕದ ಉತ್ಪತ್ತಿಯನ್ನು ದೇವಾಲಯಕ್ಕೋ ಬಸದಿಗೋ ಬಿಟ್ಟಾಗ, ಯಾವ ಊರಿನ ಯಾವ ಸುಂಕ, ಅದು ನಂದಾದೀಪಕ್ಕೋ ನೈವೇದ್ಯಕ್ಕೋ ಜೀರ್ಣೋದ್ಧಾರಕ್ಕೋ ಎಂಬುದನ್ನು ಕಲ್ಲಿನಲ್ಲಿ ಕೊರೆಯುತ್ತಿದ್ದರು. ತಪ್ಪಿ ನಡೆದವರಿಗೆ ಶಾಪವನ್ನೂ ಬರೆಯುತ್ತಿದ್ದರು. ಅದು ದಾನ, ಇದು ಮರುಪಾವತಿ. ಎರಡೂ ಒಂದೇ ಎಂದು ನಾವು ವಾದಿಸುವುದಿಲ್ಲ. ಆದರೆ ಸುಂಕದ ಮೂಲವನ್ನೂ ವಿನಿಯೋಗವನ್ನೂ ಒಂದೇ ಕಲ್ಲಿನ ಮೇಲೆ, ಊರವರ ಕಣ್ಣೆದುರಿಗೆ ನಿಲ್ಲಿಸುವ ಶಿಸ್ತು ಅದರಲ್ಲಿತ್ತು. ನಮ್ಮ ನಿಧಿಗೆ ಬೇಕಾದುದು ಆ ಶಿಸ್ತು.

೫

ನಿಜವಾಗಿ ಭಾರ ಹೊತ್ತ ಒಬ್ಬೊಬ್ಬನನ್ನೂ ಹುಡುಕಿ ಹಣ ಹಂಚುವುದು ಅಸಾಧ್ಯವೆಂಬ ಮಾತನ್ನು ನಾವು ಅಲ್ಲಗಳೆಯುವುದಿಲ್ಲ. ಪೊಟ್ಟಣಕ್ಕೆ ಒಂದೆರಡು ರೂಪಾಯಿಯ ಹಾಗೆ ಲಕ್ಷಾಂತರ ಮಂದಿಗೆ ಹಂಚುವ ವೆಚ್ಚವೇ ಹಂಚುವ ಹಣವನ್ನು ಮೀರೀತು. ಆದರೆ ವ್ಯಕ್ತಿಯನ್ನು ಹುಡುಕಲಾಗದಿದ್ದರೂ ವರ್ಗವನ್ನು ಗುರುತಿಸಲಾಗದೆ ಇಲ್ಲ. ಶಿಲೀಂಧ್ರನಾಶಕದ ಸುಂಕದಿಂದ ನಿಧಿಗೆ ಸಂದ ಹಣವನ್ನು ಕೃಷಿ ಔಷಧಗಳ ಗುಣಪರೀಕ್ಷೆಗೂ, ತಾಲ್ಲೂಕು ಮಟ್ಟದ ಮಣ್ಣುಪರೀಕ್ಷೆಗೂ ಮೀಸಲಿಡಬಹುದು. ನಿಧಿಗೆ ಬಂದ ಪ್ರತಿಯೊಂದು ದೊಡ್ಡ ಮೊತ್ತದ ಮುಂದೆ ಸರಕಿನ ಹೆಸರನ್ನು ಬರೆದು ಪ್ರತಿವರ್ಷ ಪ್ರಕಟಿಸಬಹುದು. ಮರುಪಾವತಿ ಕೇಳಿದ ಕಾರ್ಖಾನೆಯು ಭಾರವನ್ನು ಕೊಂಡವನಿಗೆ ಮಾತ್ರವಲ್ಲ, ಕಚ್ಚಾ ಪದಾರ್ಥ ಮಾರಿದವನಿಗೂ ದಾಟಿಸಿಲ್ಲವೆಂದು ತೋರಿಸತಕ್ಕದ್ದೆಂದು ೨೮ಡಿ ಕಲಮಿನಂಥ ಊಹೆಗಳನ್ನು ವಿಸ್ತರಿಸಬಹುದು. ಇವುಗಳಲ್ಲಿ ಯಾವುದೂ ಮಫತ್‌ಲಾಲ್ ತೀರ್ಪಿನ ಮೂಲತತ್ತ್ವಕ್ಕೆ ವಿರುದ್ಧವಾದುದಲ್ಲ. ಅದನ್ನು ಅದರ ಸಹಜವಾದ ಕೊನೆಯವರೆಗೆ ಕೊಂಡೊಯ್ಯುವಂಥವು.

ಒಬ್ಬನ ನಷ್ಟದಿಂದ ಮತ್ತೊಬ್ಬನು ಬೆಳೆಯಬಾರದೆಂಬ ವಾಕ್ಯದಲ್ಲಿ ಇಬ್ಬರಿದ್ದಾರೆ. ನಮ್ಮ ಕಾನೂನು ಬೆಳೆಯಬಾರದವನ ಮೇಲೆ ಕಣ್ಣಿಟ್ಟಿದೆ. ನಷ್ಟಪಟ್ಟವನ ಕಡೆಗೆ ಇನ್ನೂ ತಿರುಗಿ ನೋಡಿಲ್ಲ. ಕಾನೂನು, ಅರ್ಥಶಾಸ್ತ್ರಗಳ ವಿದ್ಯಾರ್ಥಿಗಳು ತಮ್ಮ ತಮ್ಮ ತಾಲ್ಲೂಕಿನ ಒಂದೊಂದು ಸರಕನ್ನು ಆರಿಸಿಕೊಂಡು, ಅದರ ಸುಂಕವು ಬಂದರಿನಿಂದ ಹೊಲದವರೆಗೆ ಎಲ್ಲೆಲ್ಲಿ ಇಳಿಯುತ್ತ ಬಂದಿದೆಯೆಂಬುದನ್ನು ಲೆಕ್ಕಹಾಕಿದರೆ ಈ ಕೊರತೆಯ ಅಳತೆ ದೊರೆತೀತು. ಅಂಥ ಲೆಕ್ಕಗಳು ಕೈಗೆ ಬಂದಲ್ಲದೆ ನ್ಯಾಯಾಲಯವಾಗಲಿ ಶಾಸನಸಭೆಯಾಗಲಿ ನಷ್ಟಪಟ್ಟವನನ್ನು ಗುರುತಿಸಲಾರದು.